ಟ್ರೋಮ್ಸೋ–ಲಾಂಗ್‌ಯರ್‌ಬೀನ್: ಮುಳುಗಿದ ಸೂರ್ಯನನ್ನು ಮತ್ತೆ ಹಿಡಿದ ವಿಮಾನ

ರಾತ್ರಿ ಹನ್ನೊಂದು ದಾಟಿದೆ. ಆಗಸ್ಟ್ ಎರಡನೇ ವಾರ. ಸೂರ್ಯ ಆಗಲೇ ಮುಳುಗಿದ್ದಾನೆ, ಆದರೆ ನೋಡಿ, ಕತ್ತಲೆ ಮಾತ್ರ ಬಂದಿಲ್ಲ.

ಇದು ಉತ್ತರ ನಾರ್ವೆಯ ಟ್ರೋಮ್ಸೋ. ನಾನು ಹೊರಟಿರುವುದು ಇದಕ್ಕೂ ಮೇಲೆ, ಸ್ವಾಲ್‌ಬಾರ್ಡ್ ದ್ವೀಪಗಳ ಲಾಂಗ್‌ಯರ್‌ಬೀನ್‌ಗೆ. ನಮ್ಮಂಥವರು ಮಾಮೂಲಿ ಟಿಕೆಟ್ ತಗೊಂಡು ಇಳಿಯಬಹುದಾದ ವಿಮಾನ ನಿಲ್ದಾಣಗಳಲ್ಲಿ ಜಗತ್ತಿನ ಅತ್ಯಂತ ಉತ್ತರದ್ದು ಅದೇ.

ಮನೆಯಲ್ಲಿ ಗೋಡೆಯ ಭೂಪಟ ನೋಡಿದಾಗ ನನಗೆ ಗಾಬರಿಯಾಗಿತ್ತು. ಇವೆರಡರ ನಡುವೆ ಅಷ್ಟಗಲ ಸಮುದ್ರ! ಐದಾರು ಗಂಟೆ ಹಾರಬೇಕೇನೋ ಅಂದುಕೊಂಡಿದ್ದೆ. ಟಿಕೆಟ್‌ನಲ್ಲಿ ನೋಡಿದರೆ ಒಂದು ಗಂಟೆ ನಲವತ್ತು ನಿಮಿಷ. ತಪ್ಪಾಗಿ ಪ್ರಿಂಟ್ ಆಗಿದೆಯಾ ಅಂತ ಅನುಮಾನ ಬಂತು.

ಆಮೇಲೆ ಸುಮ್ನೆ ಬೋರ್ಡಿಂಗ್ ಪಾಸ್ ಹಿಂದೆ ಲೆಕ್ಕ ಹಾಕಿದೆ. ಟ್ರೋಮ್ಸೋ ಇರುವುದು ಸುಮಾರು 69.7 ಡಿಗ್ರಿ ಅಕ್ಷಾಂಶದಲ್ಲಿ, ಲಾಂಗ್‌ಯರ್‌ಬೀನ್ 78.2ರಲ್ಲಿ. ವ್ಯತ್ಯಾಸ ಎಂಟೂವರೆ ಡಿಗ್ರಿ. ಒಂದು ಡಿಗ್ರಿಗೆ 111 ಕಿಲೋಮೀಟರ್. ಗುಣಿಸಿದರೆ 940 ಚಿಲ್ಲರೆ. ದಾರಿ ಹೆಚ್ಚುಕಮ್ಮಿ ನೆಟ್ಟಗೆ ಉತ್ತರಕ್ಕೇ ಇರುವುದರಿಂದ ಇಷ್ಟು ಲೆಕ್ಕ ಸಾಕು. ಬೆಂಗಳೂರಿನಿಂದ ಮುಂಬೈಗೆ ಹಾರುವುದಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ!

ಮೋಸ ಮಾಡಿದ್ದು ಭೂಪಟ. ದುಂಡಗಿನ ಭೂಮಿಯನ್ನು ಚಪ್ಪಟೆ ಮಾಡುವಾಗ ಧ್ರುವದ ಕಡೆಯ ಜಾಗವನ್ನು ಎಳೆದು ಹಿಗ್ಗಿಸುತ್ತಾರೆ. ಈ ಸಮುದ್ರ ಅಲ್ಲಿ ಮೂರೂವರೆ ಪಟ್ಟಿಗೂ ಹೆಚ್ಚು ಉದ್ದ ಕಾಣುತ್ತದೆ. ಅಡ್ಡಕ್ಕೂ ಅದೇ ಕಥೆ. ಬೆಂಗಳೂರಿನಲ್ಲಿ ಒಂದು ಡಿಗ್ರಿ ರೇಖಾಂಶ ಅಂದರೆ 108 ಕಿಲೋಮೀಟರ್, ಲಾಂಗ್‌ಯರ್‌ಬೀನ್‌ನಲ್ಲಿ ಬರೀ 22 ಚಿಲ್ಲರೆ; ಭೂಪಟದಲ್ಲಿ ಮಾತ್ರ ಎರಡೂ ಒಂದೇ ಅಗಲ.

ಗಂಟೆಗೆ 800 ಕಿಲೋಮೀಟರ್ ಓಡುವ ವಿಮಾನಕ್ಕೆ ಇದು ಒಂದು ಗಂಟೆ ಹತ್ತು ನಿಮಿಷದ ದಾರಿ ಅಲ್ವಾ? ಉಳಿದದ್ದು ರನ್‌ವೇವರೆಗೆ ಉರುಳುವುದಕ್ಕೆ, ಮೇಲೇರುವುದಕ್ಕೆ, ಇಳಿಯುವುದಕ್ಕೆ.

ಹಾಂ, ಒಂದು ಮಾತು. ಸ್ವಾಲ್‌ಬಾರ್ಡ್ ನಾರ್ವೆಯದ್ದೇ ಆದರೂ ಷೆಂಗೆನ್‌ಗೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿಗೆ, ಸೇರಿಲ್ಲ. ಅಲ್ಲಿಗೆ ಹೋದರೆ ಷೆಂಗೆನ್‌ನಿಂದ ಹೊರಗೆ ಹೋದ ಹಾಗೆ. ನಮ್ಮ ಪಾಸ್‌ಪೋರ್ಟ್‌ನವರಿಗೆ ವಾಪಸ್ ಬರಲು ಎರಡು ಸಲ ಒಳಬಿಡುವ ವೀಸಾ ಬೇಕೇ ಬೇಕು.

ಈಗ ಮೇಲೆ ಬಂದಿದ್ದೇವೆ. ಎಡಗಡೆ ಕಿಟಕಿಗೆ ಕೆನ್ನೆ ಒತ್ತಿ ಮುಂದಕ್ಕೆ ನೋಡಿ. ಸೂರ್ಯ! ಟ್ರೋಮ್ಸೋದಲ್ಲಿ ಮುಳುಗಿದ್ದವನೇ ಮತ್ತೆ ಏಳುತ್ತಿದ್ದಾನೆ, ಅದೂ ನಡುರಾತ್ರಿ, ಅದೂ ಉತ್ತರ ದಿಕ್ಕಿನಲ್ಲಿ. ಎತ್ತರಕ್ಕೆ ಹೋದಷ್ಟೂ, ಉತ್ತರಕ್ಕೆ ಸರಿದಷ್ಟೂ ಅವನು ಮೇಲೆ ಬರುತ್ತಾನೆ. ಲಾಂಗ್‌ಯರ್‌ಬೀನ್‌ನಲ್ಲಿ ಏಪ್ರಿಲ್ ಇಪ್ಪತ್ತರ ಹೊತ್ತಿನಿಂದ ಆಗಸ್ಟ್ ಇಪ್ಪತ್ತಮೂರರ ಸುಮಾರಿನವರೆಗೆ ಅವನು ಮುಳುಗುವುದೇ ಇಲ್ಲ.

ಚಕ್ರ ನೆಲ ಮುಟ್ಟಿತು. 1975ರಲ್ಲಿ ತೆರೆದ ಈ ರನ್‌ವೇ ಸದಾ ಹೆಪ್ಪುಗಟ್ಟಿರುವ ನೆಲದ ಮೇಲಿದೆ. ಬೇಸಿಗೆಯಲ್ಲಿ ಮೇಲಿನ ಪದರ ಕರಗಿದಾಗ ಟಾರು ಅಲೆಅಲೆಯಾಗಿ ಏಳುತ್ತದಂತೆ, ಆಗಾಗ ಸಮ ಮಾಡುತ್ತಾರೆ.

ಹೊರಗೆ ಹಿಮಕರಡಿಯ ಎಚ್ಚರಿಕೆ ಫಲಕ. ಇನ್ನೂ ನೂರು ಚಿಲ್ಲರೆ ಕಿಲೋಮೀಟರ್ ಆಚೆ ನ್ಯೂ ಓಲೆಸುಂಡ್‌ನಲ್ಲಿ ನಮ್ಮ ದೇಶದ ಸಂಶೋಧನಾ ಕೇಂದ್ರ ಹಿಮಾದ್ರಿ ಇದೆ, 2008ರಿಂದ. ಅಲ್ಲಿಗೆ ಹೋಗುವುದು ಪುಟ್ಟ ವಿಮಾನ.

ರಾತ್ರಿ ಒಂದು ಗಂಟೆ, ಕಣ್ಣಿಗೆ ನೇರ ಬಿಸಿಲು. ಕೂಲಿಂಗ್ ಗ್ಲಾಸ್ ಮಾತ್ರ ಇನ್ನೂ ಲಗೇಜ್ ಬೆಲ್ಟ್ ಮೇಲೆ ಎಲ್ಲೋ ಬರ್ತಾ ಇದೆ.