ಕುಷ್ಠರೋಗದ ಎಣ್ಣೆಯನ್ನು ತೆಳುವಾಗಿಸಿದ ಆಲಿಸ್ ಬಾಲ್

[ದೃಶ್ಯ: ಎರಡು ಸಿರಿಂಜ್. ಒಂದರಲ್ಲಿ ಮಂದ ಎಣ್ಣೆ ಸೂಜಿಯ ಬಾಯಲ್ಲೇ ತಡೆದು ನಿಂತಿದೆ. ಇನ್ನೊಂದರಿಂದ ಹನಿ ಸರಾಗವಾಗಿ ಬೀಳುತ್ತಿದೆ.]

ನಮಸ್ಕಾರ. ಎಡಗಡೆ ಇರುವುದು ಕುಷ್ಠರೋಗಕ್ಕೆ ಔಷಧವಾಗಿ ಬಳಸುತ್ತಿದ್ದ ಚಾಲ್ಮೂಗ್ರ ಎಣ್ಣೆ. ಬಲಗಡೆ ಇರುವುದು ಅದೇ ಎಣ್ಣೆಯಿಂದ ತಯಾರಿಸಿದ ಎಥೈಲ್ ಎಸ್ಟರ್. ಎಡದಿಂದ ಬಲಕ್ಕೆ ಬರುವ ದಾರಿ ಕಂಡುಹಿಡಿದವರು ಆಲಿಸ್ ಬಾಲ್ ಎಂಬ ಕಪ್ಪು ಅಮೆರಿಕನ್ ಯುವತಿ. ಆಗ ಅವರಿಗೆ 23 ವರ್ಷ.

[ದೃಶ್ಯ: ಚಾಲ್ಮೂಗ್ರ ಕಾಯಿ, ಒಡೆದ ಬೀಜ]

ಈ ಎಣ್ಣೆ ನಮ್ಮ ದೇಶದವರಿಗೆ ಹೊಸದಲ್ಲ. ಚಾಲ್ಮೂಗ್ರ ಮರ ಅಸ್ಸಾಂ, ಬರ್ಮಾ ಕಡೆಯದು. ಅದರ ಹತ್ತಿರದ ನೆಂಟ ಗರುಡಫಲ ನಮ್ಮ ಪಶ್ಚಿಮಘಟ್ಟದಲ್ಲೇ ಬೆಳೆಯುತ್ತದೆ. ಆಯುರ್ವೇದ ಅದನ್ನು ತುವರಕ ಎನ್ನುತ್ತದೆ. 1854ರಲ್ಲಿ ಕಲ್ಕತ್ತದ ವೈದ್ಯ ಮೌಅಟ್ ಬರೆದ ಮೇಲೆ ಪಶ್ಚಿಮದ ವೈದ್ಯರೂ ಚಾಲ್ಮೂಗ್ರ ಬಳಸತೊಡಗಿದರು. ಆದರೆ ಕೊಡುವುದು ಹೇಗೆ? ಕುಡಿಸಿದರೆ ಹೊಟ್ಟೆ ತೊಳಸಿ ವಾಂತಿ. ಮೈಗೆ ಹಚ್ಚಿದರೆ ಹೆಚ್ಚು ಉಪಯೋಗವಿಲ್ಲ. ಚುಚ್ಚಿದರೆ ಎಣ್ಣೆ ಹರಡದೆ ಚರ್ಮದಡಿ ಗಂಟುಕಟ್ಟಿ, ನೋವು, ಗುಳ್ಳೆ.

ಹವಾಯಿಯಲ್ಲಿ ಇದು ಬದುಕಿನ ಪ್ರಶ್ನೆ. 1866ರಿಂದ ಅಲ್ಲಿ ಕುಷ್ಠರೋಗಿಗಳನ್ನು ಮನೆಯಿಂದ ಹಿಡಿದೊಯ್ದು ಮೊಲೊಕಾಯ್ ದ್ವೀಪದ ಕಲೌಪಾಪಕ್ಕೆ ಸಾಗಿಸುತ್ತಿದ್ದರು. ಮೂರು ಕಡೆ ಸಮುದ್ರ, ಬೆನ್ನಿಗೆ ಕಡಿದಾದ ಬಂಡೆ.

ಆಲಿಸ್ ಹುಟ್ಟಿದ್ದು 1892ರಲ್ಲಿ, ಸಿಯಾಟಲ್‌ನಲ್ಲಿ. ಫಾರ್ಮಸಿ ಓದಿ ಹವಾಯಿ ಕಾಲೇಜಿಗೆ ಬಂದರು. 1915ರಲ್ಲಿ ಅಲ್ಲಿ ಮಾಸ್ಟರ್ಸ್ ಪಡೆದ ಮೊದಲ ಮಹಿಳೆ, ಮೊದಲ ಕಪ್ಪು ಅಮೆರಿಕನ್ ಅವರೇ. ಅವರ ಪ್ರಬಂಧ ಕಾವಾ ಎಂಬ ಗಿಡದ ಬೇರಿನ ರಾಸಾಯನಿಕಗಳ ಮೇಲೆ. ಅದನ್ನು ತಿಳಿದಿದ್ದ, ಕುಷ್ಠರೋಗಿಗಳಿಗೆ ಚಿಕಿತ್ಸೆ ಕೊಡುತ್ತಿದ್ದ ಕಾಲಿಹಿ ಆಸ್ಪತ್ರೆಯ ಡಾ. ಹ್ಯಾರಿ ಹಾಲ್ಮನ್, ಚಾಲ್ಮೂಗ್ರ ಎಣ್ಣೆಯನ್ನು ಚುಚ್ಚಲು ಬರುವಂತೆ ಮಾಡಲು ಆಲಿಸ್ ಸಹಾಯ ಕೇಳಿದರು.

[ದೃಶ್ಯ: ಒಂದೇ ಗೂಟಕ್ಕೆ ಕಟ್ಟಿದ ಮೂರು ಹಗ್ಗಗಳ ಅನಿಮೇಷನ್]

ಎಣ್ಣೆಯ ಒಂದು ಅಣುವನ್ನು ಹತ್ತಿರದಿಂದ ನೋಡಿ. ಗೂಟ ಅಂದರೆ ಗ್ಲಿಸರಾಲ್, ಹಗ್ಗಗಳು ಕೊಬ್ಬಿನಾಮ್ಲಗಳು. ಮೂರೂ ಚಾಲ್ಮೂಗ್ರಿಕ್ ಆಮ್ಲವೇ ಆಗಿದ್ದರೆ ಅಣುತೂಕ ಸುಮಾರು 880. ಗೂಟ ತೆಗೆದು ಪ್ರತಿ ಹಗ್ಗಕ್ಕೂ ಒಂದು ಪುಟ್ಟ ಎಥೈಲ್ ತುಣುಕು ಕಟ್ಟಿದರೆ ಅದೇ ಎಥೈಲ್ ಎಸ್ಟರ್, ಅಣುತೂಕ ಸುಮಾರು 308ಕ್ಕೆ ಇಳಿಯುತ್ತದೆ. ಹಗ್ಗದ ತುದಿಯಲ್ಲಿರುವ ಐದು ಕಾರ್ಬನ್‌ಗಳ ಉಂಗುರ ಈ ಎಣ್ಣೆಯ ವಿಶೇಷ. ಅದಕ್ಕೆ ಏನೂ ಆಗುವುದಿಲ್ಲ.

ಇಂಥ ಎಸ್ಟರ್ ಮಾಡುವ ಕ್ರಮ ಹೀಗೆ. ಎಣ್ಣೆಯನ್ನು ಆಲ್ಕೋಹಾಲ್‌ನಲ್ಲಿ ಕರಗಿಸಿದ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಜೊತೆ ಕುದಿಸಿದರೆ ಸಾಬೂನಾಗುತ್ತದೆ. ಅದಕ್ಕೆ ಆಮ್ಲ ಹಾಕಿದರೆ ಕೊಬ್ಬಿನಾಮ್ಲ ಬಿಡಿಸಿಕೊಂಡು ಮೇಲೆ ತೇಲುತ್ತದೆ. ಅದನ್ನು ತೊಳೆದು, ಒಣಗಿಸಿ, ಎಥೈಲ್ ಆಲ್ಕೋಹಾಲ್ ಮತ್ತು ಸ್ವಲ್ಪ ಪ್ರಬಲ ಆಮ್ಲದೊಂದಿಗೆ ಕಾಯಿಸಬೇಕು. ಕೆಲಸ ಕೆಡುವುದು ಇಲ್ಲೇ. ಎಸ್ಟರ್ ಜೊತೆಗೆ ನೀರೂ ಹುಟ್ಟುತ್ತದೆ, ಆ ನೀರು ಪ್ರತಿಕ್ರಿಯೆಯನ್ನು ಹಿಂದಕ್ಕೆ ತಳ್ಳುತ್ತದೆ. ಹಾಗಾಗಿ ಆಲ್ಕೋಹಾಲ್ ನೀರಿಲ್ಲದ್ದೇ ಇರಬೇಕು, ಲೆಕ್ಕಕ್ಕಿಂತ ಬಹಳ ಹೆಚ್ಚು ಹಾಕಬೇಕು. ಕೊನೆಯಲ್ಲಿ ಆಮ್ಲ ಚೂರು ಉಳಿದರೂ ಇಂಜೆಕ್ಷನ್ ಉರಿಯುತ್ತದೆ. ಸೌಮ್ಯ ಕ್ಷಾರದಲ್ಲಿ ತೊಳೆಯಬೇಕು. ತೊಳೆಯುವಾಗ ಜೋರಾಗಿ ಕುಲುಕಿದರೆ ಎಲ್ಲ ಹಾಲಿನಂತೆ ಕಲಸಿಹೋಗಿ ಪದರಗಳು ಬೇರೆಯಾಗುವುದೇ ಇಲ್ಲ. ಬಟ್ಟಿ ಇಳಿಸುವುದಾದರೆ ಒತ್ತಡ ತಗ್ಗಿಸಿ. ಇಲ್ಲದಿದ್ದರೆ ಬೇಕಾಗುವ ಶಾಖಕ್ಕೆ ಎಸ್ಟರೇ ಕೆಡುತ್ತದೆ.

ಹೊಂಗೆ ಎಣ್ಣೆಯಿಂದ ಬಯೋಡೀಸೆಲ್ ಮಾಡುವವರಿಗೆ ಇದು ಪರಿಚಿತ ಲೆಕ್ಕ. ಅಲ್ಲಿ ಸಾಮಾನ್ಯವಾಗಿ ಮೆಥೈಲ್, ಇಲ್ಲಿ ಎಥೈಲ್. ಗುರಿ ಮಾತ್ರ ಒಂದೇ: ಮಂದ ಎಣ್ಣೆ ತೆಳುವಾಗಬೇಕು.

[ದೃಶ್ಯ: ನೀರಿನ ಲೋಟ, ಮೇಲೆ ಎಸ್ಟರ್ ಪದರ]

ಒಂದು ತಪ್ಪನ್ನು ತಿದ್ದಲೇಬೇಕು. ಆಲಿಸ್ ಎಣ್ಣೆಯನ್ನು "ನೀರಿನಲ್ಲಿ ಕರಗುವಂತೆ" ಮಾಡಿದರು ಎಂದು ಎಷ್ಟೋ ಕಡೆ ಬರೆದಿದ್ದಾರೆ. ಎಥೈಲ್ ಎಸ್ಟರ್ ನೀರಿನಲ್ಲಿ ಕರಗುವುದಿಲ್ಲ, ನೋಡಿ, ತೇಲುತ್ತಿದೆ. ಅದು ತೆಳು, ಸೂಜಿಯಲ್ಲಿ ಹರಿಯುತ್ತದೆ, ಮಾಂಸಖಂಡದಿಂದ ಮೈ ಅದನ್ನು ಹೀರಿಕೊಳ್ಳುತ್ತದೆ. ಅವರು ಬಿಡಿಸಿದ ಸಮಸ್ಯೆ ಇದು, ಇದೇ ಸಾಕಷ್ಟು ದೊಡ್ಡದು.

1916ರ ಡಿಸೆಂಬರ್ 31ರಂದು, 24ನೇ ವಯಸ್ಸಿನಲ್ಲಿ, ಆಲಿಸ್ ತೀರಿಕೊಂಡರು. ಸಂಶೋಧನೆ ಇನ್ನೂ ಪ್ರಕಟವಾಗಿರಲಿಲ್ಲ. ಕಾಲೇಜಿನ ರಸಾಯನಶಾಸ್ತ್ರಜ್ಞ ಆರ್ಥರ್ ಡೀನ್ ಕೆಲಸ ಮುಂದುವರಿಸಿ ಪ್ರಕಟಿಸಿದರು, ಆಲಿಸ್ ಹೆಸರಿಲ್ಲದೆ. ಜನ ಅದನ್ನು "ಡೀನ್ ವಿಧಾನ" ಎಂದರು. ಇದು ಅನ್ಯಾಯ, ಬೇರೆ ಮಾತೇ ಇಲ್ಲ. 1922ರಲ್ಲಿ ಹಾಲ್ಮನ್ ತಮ್ಮ ಲೇಖನದಲ್ಲಿ ಅದನ್ನು "ಬಾಲ್ ವಿಧಾನ" ಎಂದು ಕರೆದು ಹೆಸರು ದಾಖಲಿಸಿದರು. ಆ ಲೇಖನವಿಲ್ಲದಿದ್ದರೆ ಇಂದು ನಮಗೆ ಅವರ ಕೆಲಸ ಗೊತ್ತಾಗುತ್ತಿದ್ದುದೇ ಕಷ್ಟ.

1920ರ ಹೊತ್ತಿಗೆ ಈ ಇಂಜೆಕ್ಷನ್ ಪಡೆದ 78 ಮಂದಿಯನ್ನು ಕಾಲಿಹಿ ಆಸ್ಪತ್ರೆ ಮನೆಗೆ ಕಳಿಸಿತ್ತು. ಎಲ್ಲರಿಗೂ ಪೂರ್ತಿ ವಾಸಿಯಾಗಲಿಲ್ಲ, ಕೆಲವರಿಗೆ ರೋಗ ಮರುಕಳಿಸಿತು. 1940ರ ದಶಕದಲ್ಲಿ ಸಲ್ಫೋನ್ ಔಷಧಗಳು ಬರುವವರೆಗೆ ಇದ್ದುದರಲ್ಲಿ ಒಳ್ಳೆಯ ಚಿಕಿತ್ಸೆ ಇದೇ.

[ದೃಶ್ಯ: ಹವಾಯಿ ವಿಶ್ವವಿದ್ಯಾಲಯದ ಆವರಣ, ಮರದ ಬುಡದಲ್ಲಿ ಫಲಕ]

ಆ ಕಾಲೇಜು ಈಗ ಹವಾಯಿ ವಿಶ್ವವಿದ್ಯಾಲಯ. 2000ರಲ್ಲಿ ಅಲ್ಲಿ ಆಲಿಸ್ ಬಾಲ್ ಹೆಸರಿನ ಫಲಕ ಹಾಕಿದರು, ಆವರಣದ ಚಾಲ್ಮೂಗ್ರ ಮರದ ಹತ್ತಿರ.