ಮಗಳ ಫೀಸಿಗೆ ಸಾಲ ಮಾಡುವ ಮುಂಚೆ

ಮುಂಬಯಿಯ ಕನ್ನಡ ಕೇಳುಗರಿಗೆ ನಮಸ್ಕಾರ.

ಹನ್ನೆರಡನೆಯ ತರಗತಿ ಮುಗಿಸಿದ ಮಕ್ಕಳಿರುವ ಮನೆಗಳಲ್ಲಿ ಈಗ ಫೀಸಿನದ್ದೇ ಮಾತು. ಚಿನ್ನ ಅಡವಿಡೋಣವೇ, ಧಣಿಗಳ ಹತ್ತಿರ ಮುಂಗಡ ಕೇಳೋಣವೇ ಎಂದು ಲೆಕ್ಕ ನಡೆದಿರುತ್ತದೆ. ಫೀಸಿಗೆ ಸರಕಾರ ಕೊಡುವ ನೆರವಿಗೆ ಅರ್ಜಿ ಹಾಕಿದ್ದೀರಾ ಎಂದು ಕೇಳಿದರೆ, "ಅದೆಲ್ಲ ತೀರಾ ಬಡವರಿಗೆ, ನಮಗೆಲ್ಲಿ ಸಿಗುತ್ತೆ?" ಎನ್ನುತ್ತಾರೆ. ಡೊಂಬಿವಲಿಯಲ್ಲಿ ಸಣ್ಣ ಫ್ಲ್ಯಾಟ್ ಇದೆ, ಹೋಟೆಲಿನಲ್ಲಿ ಮ್ಯಾನೇಜರ್ ಕೆಲಸ ಇದೆ. ಕೇಳಲು ಸಂಕೋಚ.

ಆ ನೆರವಿಗೆ ಮನೆಯ ಆದಾಯದ ಮಿತಿ ಎಷ್ಟು ಗೊತ್ತೇ? ವರ್ಷಕ್ಕೆ 8 ಲಕ್ಷ ರೂಪಾಯಿ. ಅಂದರೆ ತಿಂಗಳಿಗೆ 66 ಸಾವಿರಕ್ಕೂ ಸ್ವಲ್ಪ ಜಾಸ್ತಿ. ಕ್ಯಾಂಟೀನು, ಹೋಟೆಲು, ಸಣ್ಣ ಆಫೀಸುಗಳಲ್ಲಿ ದುಡಿಯುವ ನಮ್ಮವರು ಬಹಳಷ್ಟು ಮಂದಿ ಇದರೊಳಗೇ ಬರುತ್ತಾರೆ, ಅಲ್ವಾ?

ಮಹಾರಾಷ್ಟ್ರ ಸರಕಾರದ ರಾಜರ್ಷಿ ಶಾಹು ಮಹಾರಾಜರ ಹೆಸರಿನ ಯೋಜನೆಯಲ್ಲಿ ಇಂಥ ಮನೆಯ ಮಕ್ಕಳಿಗೆ ಇಂಜಿನಿಯರಿಂಗ್, ಫಾರ್ಮಸಿಯಂಥ ಕೋರ್ಸುಗಳ ಬೋಧನಾ ಶುಲ್ಕದಲ್ಲಿ ಅರ್ಧ ಮಾಫಿ. ಆರ್ಥಿಕವಾಗಿ ಹಿಂದುಳಿದ ವರ್ಗ ಮತ್ತು ಒಬಿಸಿ ವರ್ಗದ ಹೆಣ್ಣುಮಕ್ಕಳಿಗೆ 2024-25ರಿಂದ ಪೂರ್ತಿ ಮಾಫಿಯಾಗಿದೆ. ಮಗನಿಗೆ ಸಾಲ ಮಾಡಿ ಇಂಜಿನಿಯರಿಂಗ್, ಮಗಳಿಗೆ ಹತ್ತಿರದ ಕಾಲೇಜಿನಲ್ಲಿ ಏನಾದರೊಂದು ಎಂದು ತೀರ್ಮಾನಿಸುವ ಅಪ್ಪ ಅಮ್ಮಂದಿರೇ, ದಯವಿಟ್ಟು ಇದನ್ನು ಕೇಳಿಸಿಕೊಳ್ಳಿ. ಅವಳ ಸೀಟಿಗೆ ನೀವು ಹೆದರಿದಷ್ಟು ದುಡ್ಡು ಬೇಕಾಗದೇ ಇರಬಹುದು.

ಆದರೆ ಸೀಟು ಸರಕಾರವೇ ನಡೆಸುವ ಕೇಂದ್ರೀಕೃತ ಪ್ರವೇಶದ, ಅಂದರೆ ಕ್ಯಾಪ್, ಸುತ್ತಿನಲ್ಲೇ ಸಿಕ್ಕಿರಬೇಕು. ಮ್ಯಾನೇಜ್‌ಮೆಂಟ್ ಕೋಟಾಕ್ಕೆ ಈ ನೆರವು ಇಲ್ಲ. ಮಹಾರಾಷ್ಟ್ರದ ನಿವಾಸಿ ಎನ್ನುವ ಡೊಮಿಸೈಲ್ ಪ್ರಮಾಣಪತ್ರ ಕೂಡ ಬೇಕು.

ಕೈಚಾಚುವುದು ಹೇಗೆ ಎನ್ನುವವರಿಗೆ ಒಂದು ಮಾತು. ನಮ್ಮ ಎಷ್ಟೋ ಹಿರಿಯರು ಹಗಲು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ಮುಂಬಯಿಯ ಫೋರ್ಟ್ ಭಾಗದ ಕನ್ನಡ ಶಾಲೆಗಳಲ್ಲಿ ಓದಿದವರು. ಸಂಘಗಳೂ ದಾನಿಗಳೂ ನಡೆಸಿದ ಆ ಶಾಲೆಗಳ ಬೆಂಚಿನ ಮೇಲೆ ಅವರು ತಲೆಯೆತ್ತಿಯೇ ಕೂತಿದ್ದರು.

ಅರ್ಜಿ ಹಾಕುವುದು ರಾಜ್ಯ ಸರಕಾರದ ಮಹಾಡಿಬಿಟಿ ಎಂಬ ಆನ್‌ಲೈನ್ ಪೋರ್ಟಲ್‌ನಲ್ಲಿ. ತಹಸೀಲ್ದಾರರ ಆದಾಯ ಪ್ರಮಾಣಪತ್ರಕ್ಕೆ ಸಮಯ ಹಿಡಿಯುತ್ತದೆ, ರಿಸಲ್ಟಿಗೆ ಕಾಯದೆ ಸರಕಾರಿ ಪ್ರಮಾಣಪತ್ರಗಳಿಗೆ ಅರ್ಜಿ ತೆಗೆದುಕೊಳ್ಳುವ ಸೇತು ಕೇಂದ್ರಕ್ಕೆ ಹೋಗಿ. ಸಂಬಳ ನಗದಾಗಿ ಬರುತ್ತದೆ, ಚೀಟಿ ಇಲ್ಲ ಎಂದು ಸುಮ್ಮನೆ ಕೂರಬೇಡಿ, ಯಾವ ದಾಖಲೆ ನಡೆಯುತ್ತದೆ ಎಂದು ಅಲ್ಲೇ ವಿಚಾರಿಸಿ. ಮಗುವಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ನೋಡಿ. ಎರಡನೇ ವರ್ಷಕ್ಕೆ ಹೋದಾಗ ಅರ್ಜಿ ನವೀಕರಿಸುವುದನ್ನು ಮಾತ್ರ ಮರೆಯಬೇಡಿ, ಒಮ್ಮೆ ಸಿಕ್ಕಿದ್ದು ತಾನಾಗಿ ಮುಂದುವರಿಯುವುದಿಲ್ಲ.

ನಮಸ್ಕಾರ.