ದೊಡ್ಡ ಟಯರು, ಎರಡು ಡ್ರಾಯರು, ಅಪ್ಪನ ಅಡಿಕೆ ಗೋಣಿ

ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ. ಥಂಬ್‌ನೇಲ್‌ನಲ್ಲಿ ಕಾಣುವ ಆ ದಪ್ಪ ಟಯರು ಈಗ ಗಾಡಿಯಲ್ಲಿ ಇಲ್ಲ. ಇಪ್ಪತ್ತಮೂರು ದಿನ ಇತ್ತು. ಆಮೇಲೆ ಬಿಚ್ಚಿ ಪುತ್ತೂರಿನ ಭಾವನಿಗೆ ವಾಪಸ್ ಕೊಟ್ಟೆ. ಯಾಕೆ ಅಂತ ಹೇಳುವುದಕ್ಕೇ ಈ ವಿಡಿಯೋ ಮಾಡಿದ್ದು. ಬೈಯುವುದಿದ್ದರೆ ಪೂರ್ತಿ ನೋಡಿ ಬೈಯಿರಿ.

ಈಗ ಕಾಣುತ್ತಿರುವುದು ನಮ್ಮ ಮನೆ ಅಂಗಳ. ಕೇರಳದ ಕಾಸರಗೋಡು ಜಿಲ್ಲೆ, ಬದಿಯಡ್ಕದಿಂದ ಸ್ವಲ್ಪ ಒಳಗೆ. ಆ ಕಡೆ ಅಡಿಕೆ ಒಣಗಲು ಹಾಕಿದೆ, ಈ ಕಡೆ ಗಾಡಿ. ಇಸುಜು ವಿ-ಕ್ರಾಸ್ ಪಿಕಪ್, 2017ರ ಮಾಡೆಲ್, ಎರಡೂವರೆ ಲೀಟರ್ ಡೀಸೆಲ್ ಇಂಜಿನ್, ಕೆಎಲ್-14 ನಂಬರು. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ತೆಗೆದುಕೊಳ್ಳುವಾಗ ಅಪ್ಪನಿಗೆ ಹೇಳಿದ್ದು ತೋಟಕ್ಕೆ ಬೇಕು ಅಂತ. ನನ್ನ ಮನಸ್ಸಿನಲ್ಲಿ ಇದ್ದದ್ದು ಬೇರೆ. ಅದು ಅವರಿಗೂ ಗೊತ್ತಿತ್ತು ಅಂತ ಈಗ ಅನಿಸುತ್ತದೆ, ಯಾಕೆಂದರೆ ಮನೆಗೆ ತಂದ ದಿನವೇ ಒಂದು ಕರಾರು ಹಾಕಿದರು. ಸೋಮವಾರದಿಂದ ಶುಕ್ರವಾರದವರೆಗೆ ಗಾಡಿ ತೋಟದ್ದು. ಶನಿವಾರ, ಭಾನುವಾರ ನನ್ನದು.

ನನ್ನ ಪಾಲಿನ ಆ ಎರಡು ದಿನಕ್ಕೆ ಓವರ್‌ಲ್ಯಾಂಡಿಂಗ್ ಅಂತ ಹೆಸರು. ಊಟ, ನೀರು, ಹಾಸಿಗೆ, ರಿಪೇರಿ ಸಾಮಾನು ಎಲ್ಲ ಗಾಡಿಯಲ್ಲೇ ಇಟ್ಟುಕೊಂಡು ದೂರ ಹೋಗುವುದು. ಶಬ್ದ ಬಂದದ್ದು ಆಸ್ಟ್ರೇಲಿಯಾದಿಂದ. ಅಲ್ಲಿ ದನದ ಮಂದೆಯನ್ನು ನೂರಾರು ಮೈಲಿ ನಡೆಸಿಕೊಂಡು ಹೋಗುತ್ತಿದ್ದವರಿಗೆ ಓವರ್‌ಲ್ಯಾಂಡರ್ ಅನ್ನುತ್ತಿದ್ದರು. ಅಮ್ಮನಿಗೆ ಇದನ್ನು ವಿವರಿಸಿದೆ. "ಹಾಗಾದರೆ ಹಿಂದೆ ಎತ್ತಿನ ಮೇಲೆ ಹೇರು ಕಟ್ಟಿಕೊಂಡು ಘಟ್ಟ ಹತ್ತುತ್ತಿದ್ದರಲ್ಲ, ಅದೇ ಅಲ್ವಾ?" ಅಂದಳು. ಅದೇ.

ಟಯರಿನ ಹುಚ್ಚು ಹತ್ತಿದ್ದು ಒಂದು ಪಂಕ್ಚರಿನಿಂದ. ಧರ್ಮತ್ತಡ್ಕದ ಹತ್ತಿರ ಪೊಸಡಿಗುಂಪೆ ಅಂತ ಗುಡ್ಡ ಉಂಟು, ಮೇಲೆ ನಿಂತರೆ ಸಮುದ್ರ ಕಾಣುತ್ತದೆ. ಅಲ್ಲಿಂದ ವಾಪಸ್ ಬರುವಾಗ ಎದುರಿಗೆ ಜೀಪು ಬಂತು. ಸೈಡ್ ಕೊಡಲು ಎಡಕ್ಕೆ ಇಳಿಸಿದೆ. ಟುಸ್ಸ್ ಅಂತ ಶಬ್ದ. ಮುರಕಲ್ಲಿನ ಒಂದು ಮೂಲೆ ಟಯರಿನ ಪಕ್ಕೆಯನ್ನೇ ಸೀಳಿ ಹಾಕಿತ್ತು. ರಸ್ತೆಗೆ ತಾಗುವ ಭಾಗಕ್ಕೆ ಮೊಳೆ ಹೊಕ್ಕರೆ ಪಂಕ್ಚರ್ ಹಾಕಬಹುದು. ಪಕ್ಕೆ ಹೋದರೆ ಟಯರೇ ಹೋದ ಹಾಗೆ. ನಮ್ಮ ಕಡೆಯ ಈ ಕಲ್ಲು ನೆಲದ ಒಳಗೆ ಇರುವಾಗ ಕೆತ್ತುವಷ್ಟು ಮೆತ್ತಗೆ ಇರುತ್ತದೆ, ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿಯಾಗುತ್ತದೆ. ಇದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟದ್ದು ಬುಕನನ್ ಅನ್ನುವ ಸ್ಕಾಟ್ಲೆಂಡಿನ ಡಾಕ್ಟರು, 1807ರಲ್ಲಿ. ಲ್ಯಾಟಿನ್‌ನಲ್ಲಿ ಇಟ್ಟಿಗೆಗೆ ಹತ್ತಿರದ ಪದ ಅಂತೆ. ಅವರಿಗೆ ಟಯರು ಸೀಳಿಸಿಕೊಂಡು ಗೊತ್ತಿರಲಿಲ್ಲ ಪಾಪ.

ಭಾವನ ಹತ್ತಿರವೂ ಇದೇ ಗಾಡಿ. ಅವನು ತನ್ನದಕ್ಕೆ ಅಂತ ತಂದಿಟ್ಟ ನಾಲ್ಕು ದೊಡ್ಡ ಟಯರು ರಿಮ್ ಸಮೇತ ಶೆಡ್ಡಿನಲ್ಲಿ ಸುಮ್ನೆ ಬಿದ್ದಿತ್ತು. "ಹಾಕಿ ನೋಡು ಭಾವ, ಸರಿ ಆದರೆ ದುಡ್ಡು ಕೊಡು" ಅಂದ.

ಇಲ್ಲಿ ಸ್ವಲ್ಪ ಲೆಕ್ಕ ಉಂಟು. ನನ್ನ ಗಾಡಿಯ ಹಳೆ ಟಯರಿನ ಪಕ್ಕೆಯಲ್ಲಿ ಬರೆದದ್ದು 245/70 ಆರ್ 16. ಅಂದರೆ ಅಗಲ 245 ಮಿಲಿಮೀಟರ್. ಪಕ್ಕೆಯ ಎತ್ತರ ಆ ಅಗಲದ ನೂರಕ್ಕೆ 70 ಪಾಲು. ರಿಮ್ 16 ಇಂಚು. ಕೂಡಿಸಿದರೆ ಟಯರಿನ ಒಟ್ಟು ಎತ್ತರ ಸುಮಾರು 749 ಮಿಲಿಮೀಟರ್. ಭಾವನದ್ದು 265/75 ಆರ್ 16. ಅದರ ಎತ್ತರ ಸುಮಾರು 804. ಐವತ್ತೈದು ಮಿಲಿಮೀಟರ್ ಜಾಸ್ತಿ ಅಂತ ಕೇಳಿದಾಗ ಖುಷಿಯಾಯಿತು. ಆದರೆ ಗಾಡಿ ಏಳುವುದು ಅದರ ಅರ್ಧ ಮಾತ್ರ. ಟಯರಿನ ನಡುವಿನಿಂದ ಕೆಳಗಿನ ಭಾಗ ತಾನೇ ಗಾಡಿಯನ್ನು ಎತ್ತುವುದು. ಇಪ್ಪತ್ತೇಳು ಮಿಲಿಮೀಟರ್. ನನ್ನ ಹೆಬ್ಬೆರಳಿನ ಅಗಲಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ನೋಡಲು ಮಾತ್ರ, ಸುಳ್ಳು ಯಾಕೆ ಹೇಳಲಿ, ಏನು ಗತ್ತು! ಬದಿಯಡ್ಕ ಪೇಟೆಯಲ್ಲಿ ನಿಲ್ಲಿಸಿದರೆ ಹುಡುಗರು ಬಂದು ಫೋಟೋ ತೆಗೆಯುತ್ತಿದ್ದರು. ಪಕ್ಕದ ಮನೆ ಮಾವ ನೋಡಿ, "ಇದೆಂತ ಮಾರಾಯಾ, ಗಾಡಿಗೆ ಗಂಬೂಟ್ಸ್ ಹಾಕಿಸಿದ್ದೀಯಾ?" ಅಂದರು.

ಮೊದಲ ತೊಂದರೆ ಮನೆಯ ಗೇಟಿನಲ್ಲೇ. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಮುಂದಿನ ಟಯರು ಒಳಗಿನ ಪ್ಲಾಸ್ಟಿಕ್ಕಿಗೆ ತಾಗಿ ಕರ್ ಕರ್ ಅನ್ನುತ್ತಿತ್ತು. ಭಾವ ತನ್ನ ಗಾಡಿಗೆ ಸಸ್ಪೆನ್ಷನ್ ಎತ್ತರಿಸುವ ಪ್ಲಾನ್ ಮಾಡಿಕೊಂಡಿದ್ದ. ನಾನು ಬರೀ ಟಯರು ತಂದು ಹಾಕಿದ್ದೆ. ಎರಡನೆಯದು ಸ್ಪೀಡೋಮೀಟರ್. ಟಯರು ನೂರಕ್ಕೆ ಏಳರಷ್ಟು ದೊಡ್ಡದಾಯಿತಲ್ಲ, ಮೀಟರಿನಲ್ಲಿ 60 ತೋರಿಸುವಾಗ ಗಾಡಿ ಅದರ ಮೇಲೆ ಇನ್ನೊಂದು ನಾಲ್ಕು ಕಿಲೋಮೀಟರ್ ಜಾಸ್ತಿ ಓಡುತ್ತಿರುತ್ತದೆ. ಕೇರಳದಲ್ಲಿ 2023ರಿಂದ ರಸ್ತೆ ಬದಿಯಲ್ಲಿ ಎಐ ಕ್ಯಾಮೆರಾ ಉಂಟು ಅಂತ ನೆನಪಿಟ್ಟುಕೊಳ್ಳಿ. ಇನ್ನು ಸ್ಟೆಪ್ನಿ. ಅದು ಹಳೆ ಅಳತೆಯದ್ದು. ಎಲ್ಲಾದರೂ ಒಂದು ಟಯರು ಹೋದರೆ ಒಂದೇ ಆಕ್ಸಲಿನಲ್ಲಿ ಒಂದು ದೊಡ್ಡದು, ಒಂದು ಸಣ್ಣದು. ಹಾಗೆ ಓಡಿಸಿದರೆ ಎರಡು ಬದಿಯ ಚಕ್ರಕ್ಕೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ಗೆ ಏಟು.

ಇದೆಲ್ಲ ಸಹಿಸಿಕೊಳ್ಳುತ್ತಿದ್ದೆನೋ ಏನೋ. ಆದರೆ ಒಂದು ಮಂಗಳವಾರ ಅಪ್ಪ ಮದ್ದು ಬಿಡಲು ಡ್ರಮ್ ಹೇರಿಸಿದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಅಡಿಕೆಗೆ ಕೊಳೆರೋಗ ಬರದ ಹಾಗೆ ಬೋರ್ಡೋ ದ್ರಾವಣ ಸಿಂಪಡಿಸುತ್ತೇವೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಇನ್ನೂರು ಲೀಟರಿನ ತುಂಬಿದ ಡ್ರಮ್ ಹಿಂದೆ ಇಟ್ಟುಕೊಂಡು ತೋಟದ ಏರು ಹತ್ತಿಸಬೇಕು. ದಿನಾ ಸಲೀಸಾಗಿ ಹತ್ತುವ ಗಾಡಿ ಅರ್ಧದಲ್ಲಿ ಒದ್ದಾಡಿತು. ಟಯರು ದೊಡ್ಡದಾದರೆ ಗೇರುಗಳೆಲ್ಲ ಅಷ್ಟು ಎತ್ತರವಾದ ಹಾಗೆ, ಎಳೆಯುವ ಶಕ್ತಿ ಕಡಿಮೆಯಾಗುತ್ತದೆ. ಕ್ಲಚ್ ಸುಟ್ಟ ವಾಸನೆ ಕ್ಯಾಬಿನ್ ತುಂಬ. ಅಪ್ಪ ಏನೂ ಹೇಳಲಿಲ್ಲ. ಕಿಟಕಿ ಗ್ಲಾಸು ಇಳಿಸಿದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಆ ರಾತ್ರಿ ಒಂದು ಚಕ್ರ ಬಿಚ್ಚಿ ಅಡಿಕೆ ತೂಗುವ ತಕ್ಕಡಿಯ ಮೇಲೆ ಇಟ್ಟೆ. ಹಳೆಯದು 26 ಕಿಲೋ, ಹೊಸದು 34. ನಾಲ್ಕಕ್ಕೆ ಮೂವತ್ತೆರಡು ಕಿಲೋ. ಅದೂ ಸುಮ್ನೆ ಕೂತ ಭಾರ ಅಲ್ಲ, ತಿರುಗುವ ಭಾರ. ಹೊರಡುವಾಗಲೂ ಅದನ್ನು ತಿರುಗಿಸಬೇಕು, ಬ್ರೇಕ್ ಹಾಕುವಾಗಲೂ ಅದನ್ನು ನಿಲ್ಲಿಸಬೇಕು.

ಕಾನೂನಿನದ್ದೂ ಒಂದು ಮಾತು. ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಗಾಡಿ ಮಾರ್ಪಾಡಿನ ಬಗ್ಗೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಕೇರಳದ್ದೇ ಒಂದು ಕೇಸಿನಲ್ಲಿ, ಕಂಪೆನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಾಯಿಸುವ ಹಾಗಿಲ್ಲ ಅಂತ ಹೇಳಿತು. ಇಲ್ಲಿ ಚೆಕ್ಕಿಂಗ್ ಸುಮ್ನೆ ಹೆಸರಿಗೆ ಅಲ್ಲ. ಗಡಿಯ ತಲಪಾಡಿಯ ಆ ಕಡೆ, ಕರ್ನಾಟಕದಲ್ಲಿ, ನೋಡಿದ್ದನ್ನು ಈ ಕಡೆ ಮಾಡಲು ಹೋಗಬೇಡಿ.

ಕೊನೆಗೆ ಹಾಕಿಸಿದ್ದು ಹಳೆ ಅಳತೆಯದ್ದೇ, 245/70. ಆದರೆ ಆಲ್ ಟೆರೇನ್, ಅಂದರೆ ರಸ್ತೆಗೂ ಕಚ್ಚಾ ದಾರಿಗೂ ಆಗುವ ಜಾತಿಯದ್ದು. ಹಲ್ಲು ಆಳ, ಪಕ್ಕೆ ದಪ್ಪ. ನನಗೆ ಬೇಕಾಗಿದ್ದದ್ದೂ ಅದೇ ಪಕ್ಕೆ ತಾನೇ! ಐದೂ ಟಯರು ಒಂದೇ ಥರದ್ದು, ಸ್ಟೆಪ್ನಿ ಸೇರಿ. ಉಳಿದ ದುಡ್ಡಿನಲ್ಲಿ 12 ವೋಲ್ಟಿನ ಕಂಪ್ರೆಸರ್ ಮತ್ತು ಒಂದು ಒಳ್ಳೆ ಗಾಳಿ ಗೇಜು ತೆಗೆದುಕೊಂಡೆ. ಈಗ ತೋರಿಸುವ ಕ್ಲಿಪ್ ಕಣ್ಣೂರು ದಾಟಿ ಮುಳಪ್ಪಿಲಂಗಾಡ್ ಬೀಚಿನದ್ದು. ಅಲ್ಲಿ ಮರಳಿನ ಮೇಲೆ ಗಾಡಿ ಬಿಡಬಹುದು, ಸುಮಾರು ನಾಲ್ಕು ಕಿಲೋಮೀಟರ್ ಉದ್ದಕ್ಕೂ. ನೀರಿನ ಹತ್ತಿರದ ಗಟ್ಟಿ ಮರಳಿನಲ್ಲಿ ಸಣ್ಣ ಕಾರು ಕೂಡ ಓಡುತ್ತದೆ. ಮೇಲಿನ ಸಡಿಲ ಮರಳಿಗೆ ಬಂದಾಗ ಹಿಂದಿನ ಚಕ್ರ ಹೂಳಲು ಶುರು. ಟಯರಿನ ಗಾಳಿಯ ಒತ್ತಡವನ್ನು 35 ಪಿಎಸ್‌ಐಯಿಂದ 18ಕ್ಕೆ ಇಳಿಸಿದೆ, ನಾಬನ್ನು 4ಎಲ್‌ಗೆ, ಅಂದರೆ ನಾಲ್ಕೂ ಚಕ್ರ ನಿಧಾನಕ್ಕೆ ಬಲವಾಗಿ ಎಳೆಯುವ ಗೇರಿಗೆ, ತಿರುಗಿಸಿದೆ. ಟಯರು ಚಪ್ಪಟೆಯಾಗಿ ಒಂಟೆಯ ಪಾದದ ಹಾಗೆ ಅಗಲವಾಯಿತು, ಗಾಡಿ ಮೆಲ್ಲ ಎದ್ದು ಬಂತು. ದೊಡ್ಡ ಟಯರು ಕೊಡುತ್ತದೆ ಅಂದುಕೊಂಡದ್ದನ್ನು ಕಡಿಮೆ ಗಾಳಿ ಕೊಟ್ಟಿತು. ರಸ್ತೆಗೆ ಬಂದ ತಕ್ಷಣ ಮತ್ತೆ ಗಾಳಿ ತುಂಬಲೇಬೇಕು, ಇಲ್ಲದಿದ್ದರೆ ಟಯರು ಬಿಸಿಯಾಗಿ ಸಿಡಿಯಬಹುದು.

ಈಗ ಸ್ಟೋರೇಜ್, ಅಂದರೆ ಗಾಡಿಯ ಹಿಂದೆ ಸಾಮಾನು ಇಡುವ ವ್ಯವಸ್ಥೆ. ನನಗೆ ನಿಜವಾಗಿ ಮಾತಾಡಬೇಕಾದದ್ದು ಇದರ ಬಗ್ಗೆ.

ಮೊದಲನೆಯ ಡ್ರಾಯರು ಪೆಟ್ಟಿಗೆ ನಾನೇ ಮಾಡಿದ್ದು. ವಿದೇಶದ ವಿಡಿಯೋ ನೋಡಿ ಹದಿನೆಂಟು ಮಿಲಿಮೀಟರಿನ ಪ್ಲೈವುಡ್ ತಂದೆ. ಅಡುಗೆಮನೆಯ ಕಪಾಟಿಗೆ ಹಾಕುತ್ತಾರಲ್ಲ, ಆ ಟೆಲಿಸ್ಕೋಪಿಕ್ ಚಾನೆಲ್ ಹಾಕಿದೆ. ಅಂಗಳದಲ್ಲಿ ಬೆಣ್ಣೆಯ ಹಾಗೆ ಜಾರುತ್ತಿತ್ತು. ಎರಡು ವಾರ ಕಚ್ಚಾ ರಸ್ತೆಯಲ್ಲಿ ಓಡಿಸಿದ್ದೇ ತಡ, ಚಾನೆಲ್ಲಿನ ಗುಂಡುಗಳ ನಡುವೆ ಕೆಂಪು ಧೂಳು ಕೂತು ಗರಗಸದ ಶಬ್ದ. ಮೂರನೇ ವಾರ ಡ್ರಾಯರು ತೆರೆಯಲೇ ಇಲ್ಲ. ಒಳಗೆ ನನ್ನ ಸ್ಟವ್, ಅಕ್ಕಿ, ಟಾರ್ಚು. ಆ ರಾತ್ರಿ ಬಂದಡ್ಕದಲ್ಲಿ ಬನ್ನು, ಚಾ ಊಟ.

ಧೂಳು ಎಲ್ಲಿಂದ ಬರುತ್ತದೆ ಅಂತ ಗೊತ್ತಾ? ಮೇಲಿನಿಂದ ಅಂತ ನಾನು ಅಂದುಕೊಂಡಿದ್ದೆ. ಗಾಡಿ ಓಡುವಾಗ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ಚಕ್ರ ಎಬ್ಬಿಸಿದ ಧೂಳು ಅಲ್ಲೇ ಸುತ್ತುತ್ತದೆ, ಹಿಂದಿನ ಬಾಗಿಲಿನ ಸಂದಿನಿಂದ ಒಳಗೆ ನುಗ್ಗುತ್ತದೆ. ಆ ಸಂದಿಗೆ ರಬ್ಬರ್ ಬೀಡಿಂಗ್ ಅಂಟಿಸಿದ ಮೇಲೆ ಮುಕ್ಕಾಲು ಪಾಲು ನಿಂತಿತು. ಕಡಿಮೆ ಖರ್ಚಿನಲ್ಲಿ ಜಾಸ್ತಿ ಉಪಕಾರ ಆದದ್ದು ಇದರಿಂದಲೇ.

ಪೆಟ್ಟಿಗೆ ತೂಗಿ ನೋಡಿದರೆ 94 ಕಿಲೋ, ಖಾಲಿ ಇರುವಾಗ! ಅಪ್ಪನ ಒಂದೂವರೆ ಗೋಣಿ ಅಡಿಕೆ. ಸೋಮವಾರ ಬೆಳಿಗ್ಗೆ ಅದನ್ನು ಇಳಿಸಲು ನಾಲ್ಕು ಜನ ಬೇಕಿತ್ತು. ಆಳುಗಳು ಸಿಗುವುದೇ ಕಷ್ಟ, ಅದರಲ್ಲಿ ನಾಲ್ಕು ಜನರನ್ನು ನನ್ನ ಪೆಟ್ಟಿಗೆ ಇಳಿಸಲು ಕರೆದರೆ ಹೇಗೆ?

ಆಮೇಲೆ ನಮ್ಮ ಆಚಾರಿಯವರನ್ನು ಕರೆದೆ. ಅವರು ಗಾಡಿಯ ಸುತ್ತ ಒಂದು ಸುತ್ತು ಬಂದರು, ಚಾನೆಲ್ಲನ್ನು ಕೈಯಲ್ಲಿ ಹಿಡಿದು ನೋಡಿದರು. "ಇದು ಎಸಿ ಇರುವ ಮನೆಯ ಸಾಮಾನು. ನಿಮ್ಮ ತೋಟದಲ್ಲಿ ಬಲಿತು ಬಿದ್ದ ಅಡಿಕೆ ಮರ ಉಂಟಾ?" ಅಂದರು. ಇತ್ತು. ಅದನ್ನು ಸೀಳಿಸಿ, ಒಳಗಿನ ನಾರು ತೆಗೆಸಿ, ಹೊರಗಿನ ಗಟ್ಟಿ ದಬ್ಬೆಯನ್ನು ಮಾತ್ರ ಉಳಿಸಿಕೊಂಡರು. ಉಜ್ಜಿ ಉಜ್ಜಿ ಪಾಲಿಶ್ ಮಾಡಿದರು. ಕ್ಯಾಮೆರಾ ಹತ್ತಿರ ತರುತ್ತೇನೆ, ನೋಡಿ. ಕಪ್ಪು, ಕಂದು ಗೆರೆ, ಬೆರಳಿಟ್ಟರೆ ಗಾಜಿನ ಹಾಗೆ. ಡ್ರಾಯರಿನ ಕೆಳಗೆ ಎರಡು ದಬ್ಬೆ, ಪೆಟ್ಟಿಗೆಯ ತಳದಲ್ಲಿ ಎರಡು. ದಬ್ಬೆಯ ಮೇಲೆ ದಬ್ಬೆ ಜಾರುತ್ತದೆ. ತಿಂಗಳಿಗೊಮ್ಮೆ ಮೇಣದ ಬತ್ತಿ ಉಜ್ಜಿದರೆ ಆಯಿತು. ಧೂಳು ಕೂತರೆ ಬಟ್ಟೆಯಲ್ಲಿ ಒರೆಸಬಹುದು, ಯಾಕೆಂದರೆ ಸಿಕ್ಕಿಕೊಳ್ಳಲು ಗುಂಡೇ ಇಲ್ಲ.

ಪ್ಲೈವುಡ್ಡನ್ನು ಹನ್ನೆರಡು ಮಿಲಿಮೀಟರಿಗೆ ಇಳಿಸಿದೆವು, ನೀರು ತಡೆಯುವ ಮೆರೈನ್ ಜಾತಿಯದ್ದು. ಒಂದೇ ದೊಡ್ಡ ಪೆಟ್ಟಿಗೆಯ ಬದಲು ಎರಡು ಸಣ್ಣದು, ನಡುವೆ ಬೋಲ್ಟು. ಎರಡೂ ಸೇರಿ 58 ಕಿಲೋ. ಒಂದೊಂದನ್ನೇ ಇಬ್ಬರು ಆರಾಮಾಗಿ ಎತ್ತಬಹುದು, ನಾನು ಮತ್ತು ತಮ್ಮ. ಗಾಡಿಯ ನಾಲ್ಕು ಕೊಂಡಿಗೆ ಟರ್ನ್‌ಬಕಲ್, ಅಂದರೆ ತಿರುಗಿಸಿ ಬಿಗಿ ಮಾಡುವ ಕೊಕ್ಕೆ, ಹಾಕಿ ಬಿಗಿಯುತ್ತೇವೆ. ಬಾಡಿಗೆ ಒಂದು ತೂತು ಕೂಡ ಕೊರೆದಿಲ್ಲ.

ಒಳಗೆ ಏನೇನು ಇಡುತ್ತೇನೆ ಅಂತ ಉದ್ದ ಪಟ್ಟಿ ಓದುವುದಿಲ್ಲ. ಭಾರ ಇರುವುದೆಲ್ಲ ಕ್ಯಾಬಿನ್ನಿನ ಗೋಡೆಗೆ ತಾಗಿ ಇರಬೇಕು. ಇಪ್ಪತ್ತು ಲೀಟರಿನ ನೀರಿನ ಕ್ಯಾನು ಅಂದರೆ ಇಪ್ಪತ್ತು ಕಿಲೋ. ಅದನ್ನು ಹಿಂದಿನ ಬಾಗಿಲ ಹತ್ತಿರ ಇಟ್ಟರೆ ಹಿಂದಿನ ಸ್ಪ್ರಿಂಗ್ ಪ್ಲೇಟು ಕುಸಿದು, ಮುಂದಿನ ಚಕ್ರ ಹಗುರವಾಗಿ, ಘಟ್ಟದ ತಿರುವಿನಲ್ಲಿ ಸ್ಟೇರಿಂಗ್ ತೇಲುತ್ತದೆ. ನೀರು ತುಂಬಿಸುವುದು ಮನೆ ಹಿಂದಿನ ಸುರಂಗದಿಂದ. ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ನಮ್ಮ ಕಾಸರಗೋಡಿನ ಸುರಂಗಗಳ ಬಗ್ಗೆ ಬೇರೆಯೇ ವಿಡಿಯೋ ಮಾಡಬೇಕು, ಇವತ್ತು ಬೇಡ.

ಎಲ್ಲ ಸರಿಯಾದ ಮೇಲೆ ಮೊದಲ ಓಟ ಪಾಣತ್ತೂರು, ಕರಿಕೆ, ಭಾಗಮಂಡಲ. ಪಾಣತ್ತೂರು ದಾಟಿದ ಮೇಲೆ ಕೊಡಗು ಶುರು. ಕರಿಕೆಯಿಂದ ಮೇಲೆ ಕಾಡಿನ ನಡುವಿನ ಸಪೂರ ರಸ್ತೆ, ತಿರುವಿನ ಮೇಲೆ ತಿರುವು. ನಾಲ್ಕು ಸಲ ಹಿಂದೆ ತೆಗೆದು ಬಸ್ಸಿಗೆ, ಲಾರಿಗೆ ಸೈಡ್ ಕೊಟ್ಟೆ. ಆ ದೊಡ್ಡ ಟಯರು ಇದ್ದಿದ್ದರೆ ಪ್ರತಿ ಸಲವೂ ಆ ಕರ್ ಕರ್ ಕೇಳಬೇಕಿತ್ತು. ಕಾಡಿನಲ್ಲಿ ಗಾಡಿ ನಿಲ್ಲಿಸಿ ಮಲಗುವ ಹಾಗಿಲ್ಲ, ಆ ಥರದ ವಿಡಿಯೋ ನನ್ನಿಂದ ನಿರೀಕ್ಷೆ ಮಾಡಬೇಡಿ. ಮೇಲೆ ಗೆಳೆಯನೊಬ್ಬನ ಕಾಫಿ ತೋಟದ ಕಣ ಇತ್ತು. ಅಲ್ಲಿ ಡ್ರಾಯರಿನ ಮೇಲೆ ಹಾಸಿಗೆ, ಅದರ ಮೇಲೆ ಟರ್ಪಾಲು. ರಾತ್ರಿ ಮಳೆ ಬಂತು. ಟರ್ಪಾಲಿನ ಒಂದು ಮೂಲೆಯಿಂದ ನೀರು ಸೋರಿ ಸರಿಯಾಗಿ ನನ್ನ ಕಿವಿಗೇ ಬಿತ್ತು. ಹಿಂದಿನ ಭಾಗಕ್ಕೆ ಗಟ್ಟಿ ಮುಚ್ಚಿಗೆ, ಅಂದರೆ ಕ್ಯಾನೊಪಿ, ಬೇಕಾ ಬೇಡವಾ ಅಂತ ಆಗಿನಿಂದ ಲೆಕ್ಕ ಹಾಕುತ್ತಿದ್ದೇನೆ. ಅದೂ ಭಾರವೇ ಅಲ್ವಾ?

ಇದು ಸೋಮವಾರ ಬೆಳಿಗ್ಗೆ, ಏಳೂವರೆ. ಪೆಟ್ಟಿಗೆ ಎರಡೂ ಇಳಿಸಿ ಶೆಡ್ಡಿನಲ್ಲಿ ನಾಲ್ಕು ಕಲ್ಲಿನ ಮೇಲೆ ಇಟ್ಟಿದ್ದೇವೆ. ಇಳಿಸಲು ಹದಿನೈದು ನಿಮಿಷ ಹಿಡಿಯಿತು. ಅಪ್ಪ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋಗೆ ಕೊಂಡುಹೋಗಲು ಗೋಣಿ ಹೇರಿಸುತ್ತಿದ್ದಾರೆ. ಈಗ ನೋಡಿ, ಹೇರಿಸಿ ಆದ ಮೇಲೆ ಶೆಡ್ಡಿನ ಒಳಗೆ ಬಂದು, ಯಾರೂ ನೋಡುತ್ತಿಲ್ಲ ಅಂದುಕೊಂಡು, ಡ್ರಾಯರನ್ನು ಒಮ್ಮೆ ಎಳೆದರು. ಮತ್ತೆ ದೂಡಿದರು. ಇನ್ನೊಮ್ಮೆ ಎಳೆದರು.

"ಬಲದ ಬದಿಯದ್ದು ಸ್ವಲ್ಪ ಹಿಡಿಯುತ್ತದೆ," ಅಂದರು. "ಮೇಣ ಹಾಕು."